ಯಾರೂ ಮಾರದ ದನ

ಆಫ್‌ಟೇಕ್ ಎಂಬ ಶಬ್ದದ ಮೇಲೆ ಜಗದೇವಪ್ಪನಿಗೆ ಎದ್ದಾಗಿನಿಂದ ಸಿಟ್ಟು. ಶಬ್ದ ಅವನ ಕಸುಬಿನದೇ; ದನದ ಡಾಕ್ಟರ ಆದ ಮೇಲೆ ಆ ಮಾತು ಆಡುತ್ತಲೇ ಅನ್ನ ಉಂಡಿದ್ದಾನೆ, ಮನೆ ಕೊಂಡಿದ್ದಾನೆ. ಮಂದೆ ಬೆಳೆದಂತೆಲ್ಲ ವರ್ಷಕ್ಕೆ ಇಂತಿಷ್ಟು ದನ ಮಾರಾಟವಾಗಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ಮೇವು ಸಾಲದು. ಹಾಗೆ ಹೋಗುವುದಕ್ಕೆ ಆಫೀಸಿನಲ್ಲಿ ಆಫ್‌ಟೇಕ್ ಅನ್ನುತ್ತಾರೆ. ಹೊರಗೆ ಹೋಗಿ ಎಲ್ಲಿಗೆ ಅಂತ ಶಬ್ದ ಹೇಳುವುದಿಲ್ಲ. ಹೇಳದೆ ಇರಲೆಂದೇ ಅದನ್ನು ಹುಟ್ಟಿಸಿದ್ದಾರೆ ಅಂತ, ನವೆಂಬರಿನ ಈ ಕತ್ತಲೆಯ ಬೆಳಗಿನಲ್ಲಿ, ಕೊಲಿಂಡೇಲಿನ ಮನೆಯ ಅಡುಗೆಮನೆಯಲ್ಲಿ ಟೈ ಕಟ್ಟಿಕೊಳ್ಳುತ್ತ ನಿಂತವನಿಗೆ ಹೊಳೆಯಿತು. ಹೊಳೆಯುವುದಕ್ಕೆ ಈ ಹಾಳು ತಲೆಗೆ ಬೇರೆ ದಿನ ಸಿಗಲಿಲ್ಲ. ಒಂಬತ್ತೂವರೆಗೆ ಕ್ಯಾನರಿ ವಾರ್ಫಿನಲ್ಲಿ ಮೀಟಿಂಗು. ಮಲೇಷ್ಯಾದ ಜೊಹೋರ್ ಸೀಮೆಯಲ್ಲಿ ಎಣ್ಣೆತಾಳೆಯ ಎಸ್ಟೇಟೊಂದಿದೆ. ಅಲ್ಲಿನ ಕೂಲಿ ಹೆಂಗಸರಿಗೆ ಹಸು ಕೊಡಿಸಿ, ಆ ದನಗಳನ್ನು ತಾಳೆಮರಗಳ ಕೆಳಗೇ ಮೇಯಿಸುವ ಯೋಜನೆ ಇವನದು, ದುಡ್ಡು ಇವನ ಸಂಸ್ಥೆಯದು. ದನ ಹೆಚ್ಚಾದವೇ ಹೊರತು ಇಲ್ಲಿಯವರೆಗೆ ಒಂದೂ ಮಾರಾಟವಾಗಲಿಲ್ಲ. ಈಗ ಅವು ಹಸಿದು ಎಳೆಯ ತಾಳೆಗಳ ಹೊಸ ತೋಟಕ್ಕೆ ನುಗ್ಗಿ ಸುಳಿ ತಿನ್ನುತ್ತಿವೆ, ಅಷ್ಟೂ ದನಗಳನ್ನು ಹೊರಗೆ ಹಾಕಿ ಅಂತ ಎಸ್ಟೇಟಿನ ಮ್ಯಾನೇಜರು ಹಟ ಹಿಡಿದಿದ್ದಾನೆ. ಹಾಕುವುದೋ ಬಿಡುವುದೋ ಇವತ್ತು ತೀರ್ಮಾನ. ಹಾಕಿದರೆ ಆ ಹೆಂಗಸರು ಮತ್ತೆ ಬೆನ್ನಿಗೆ ಪಂಪು ಕಟ್ಟಿಕೊಂಡು ಕಳೆಗೆ ಔಷಧ ಹೊಡೆಯುವ ಕೆಲಸಕ್ಕೆ ಹೋಗಬೇಕು.

"ರೊಟ್ಟಿ ಆರಾಕತ್ತೈತ್ರಿ," ಅಂದಳು ಸುಶೀಲಾಬಾಯಿ. ಹೊಗೆಗೆ ಅಲಾರಾಂ ಬಡಿದುಕೊಳ್ಳಬಾರದೆಂದು ಕಿಟಕಿ ತೆಗೆದಿಟ್ಟಿದ್ದಳು, ಅದರಿಂದ ಬರುವ ಥಂಡಿಗೆ ತಲೆಗೆ ಶಾಲು ಸುತ್ತಿಕೊಂಡಿದ್ದಳು. ಹೆಂಡತಿಯ ಈ ವೇಷ ನೋಡಿ ದಿನಾ ಒಂದು ಚ್ಯಾಷ್ಟಿ ಮಾಡುವವನು ಇವತ್ತು ಮಾಡಲಿಲ್ಲ. ಅದು ಅವಳ ಗಮನಕ್ಕೆ ಬಂತು. "ಏನ್ ಬರಕೊಂಡು ಹೊಂಟೀರಿ ಮೀಟಿಂಗಿಗೆ?"

"ಏನೈತಿ. ಮತಭಾವನೆ ಅಡ್ಡ ಬರಾಕತ್ತೈತಿ, ಹಿಂದೂ ಹೆಣ್ಣಮಕ್ಕಳು ದನಾ ಮಾರಾಕ ಒಪ್ಪೂದಿಲ್ಲ ಅಂತ."

"ಹಂಗಂತ ಅವರು ಅಂದಾರೇನ್ರಿ?"

"ಅನ್ನೂದೇನ್ ಬಂತು. ತಿಳೀತೈತಲ್ಲ."

"ನೀವು ಕೇಳೀರೇನು?"

ಅವನಿಗೆ ಸಿಟ್ಟು ಬಂತು. ಇಂಥ ಮಾತು ಯಾರಾದರೂ ಕೇಳುತ್ತಾರೇನು, ದನವನ್ನು ಕಟುಕನಿಗೆ ಯಾಕೆ ಮಾರುವುದಿಲ್ಲ ಅಂತ ಹಣೆಗೆ ವಿಭೂತಿ ಹಚ್ಚಿಕೊಂಡ ಹೆಣ್ಣುಮಗಳನ್ನು? ಆದರೆ ಸಿಟ್ಟು ಹೆಂಡತಿಯ ಮೇಲಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು, ಆದ್ದರಿಂದ ಶೇಂಗಾ ಚಟ್ನಿಯನ್ನು ಹೊಗಳಿದ. ಅವಳು ಅದಕ್ಕೆ ಮೋಸಹೋಗಲಿಲ್ಲ. ಮಗಳು ಅನ್ವಿತಾ ಸ್ಕೂಲಿನ ಕೋಟು ಹಾಕಿಕೊಳ್ಳುತ್ತ, ಟೋಸ್ಟು ಬಾಯಲ್ಲಿಟ್ಟುಕೊಂಡೇ, "ಅಪ್ಪಾ, ಆರ್ ಯು ಸೇವಿಂಗ್ ದ ಕೌಸ್ ಆರ್ ನಾಟ್?" ಅಂದಳು. ಅಪ್ಪ ಗಡಿಯಾರ ನೋಡಿಕೊಂಡ. ಹನ್ನೆರಡು ವರ್ಷದ ಮಗಳ ಮುಂದೆ ಗಡಿಯಾರ ನೋಡಿಕೊಂಡು ಪಾರಾಗುವ ಮಟ್ಟಕ್ಕೆ ಬಂದೆನಲ್ಲ ಅಂತ ಬಾಗಿಲು ದಾಟುವಾಗ ನಾಚಿಕೆಯಾಯಿತು.

ನಾರ್ದರ್ನ್ ಲೈನಿನಲ್ಲಿ ಕೂರಲು ಜಾಗ ಸಿಕ್ಕಿತು. ಎದುರಿನ ಕರಿಗಾಜಿನಲ್ಲಿ ತನ್ನದೇ ಮುಖ, ಕೋಟು, ಟೈ. ಈ ಕೋಟು ಯಾರದು ಅಂದರೆ ದನದ್ದು. ತಿಂಗಳ ಪಾಸು ದನದ್ದು, ಅನ್ವಿತಾಳ ಪಿಯಾನೋ ಪಾಠ ದನದ್ದು, ಹೋದ ವರ್ಷ ಅವ್ವನ ಕಣ್ಣಿನ ಆಪರೇಷನ್ನಿಗೆ ವಿಜಾಪುರಕ್ಕೆ ಕಳಿಸಿದ್ದೂ ದನದ್ದೇ. ಜೊಹೋರಿನ ಮಳೆಯಲ್ಲಿ ನಿಂತು ಮೆಲುಕು ಹಾಕುವ ಆ ಬಡಪಾಯಿಗಳ ಋಣ ತನ್ನ ಮೇಲಿದೆ ಅನ್ನುವುದನ್ನು ಜಗದೇವಪ್ಪ ಒಂದು ದಿನವೂ ಮರೆತವನಲ್ಲ, ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅವುಗಳ ನೆನಪು ಬಂದು ಕಣ್ಣು ತೇವವಾದದ್ದುಂಟು. ಮೊದಲ ಸಲ ಎಸ್ಟೇಟಿಗೆ ಹೋದಾಗ ಅಲ್ಲಿ ದನ ಇರಲಿಲ್ಲ. ಸಾಲುಸಾಲು ತಾಳೆ, ಕೆಳಗೆ ಮೊಣಕಾಲುದ್ದ ಹುಲ್ಲು ಬಳ್ಳಿ, ಅದರ ನಡುವೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪಂಪು ಹೊತ್ತ ಹೆಂಗಸರು. ಅವರಲ್ಲೊಬ್ಬಳು ಮೂಗು ಒರೆಸಿಕೊಂಡಾಗ ಬಟ್ಟೆಯ ಮೇಲೆ ರಕ್ತ ಇತ್ತು. ಅವಳೇ ಕೃಷ್ಣವೇಣಿ. ಅವಳ ಅಜ್ಜ ಸೇಲಂ ಕಡೆಯಿಂದ ಹಡಗು ಹತ್ತಿ ಬಂದವನಂತೆ. ಅವಳ ಉಗುರುಗಳು ಕಪ್ಪಾಗಿ ಎದ್ದುಬಂದಿದ್ದವು. ಕಳೆ ಸಾಯಿಸುವುದಕ್ಕೆ ಮನುಷ್ಯರನ್ನು ಸಾಯಿಸುವುದೇಕೆ, ದನ ಬಿಟ್ಟರೆ ಮೇಯುತ್ತವಲ್ಲ ಅಂತ ಅವನು ಅಂದದ್ದು ಆವತ್ತೇ. ದನ ನೆಲ ತುಳಿದು ಗಟ್ಟಿ ಮಾಡುತ್ತವೆ, ಎಳೆಯ ಗರಿ ತಿನ್ನುತ್ತವೆ ಅಂತ ಹಳೆಯ ಮ್ಯಾನೇಜರು ರಾಗ ಎಳೆದಿದ್ದ. ಮರ ಎತ್ತರವಾದ ತೋಟಕ್ಕಷ್ಟೇ ಬಿಡೋಣ, ತಂತಿಬೇಲಿ ಸರಿಸುತ್ತ ಸುತ್ತು ಹಾಕಿ ಮೇಯಿಸೋಣ, ಗೊಬ್ಬರ ಮರಕ್ಕೇ ಬೀಳುತ್ತದೆ, ಹಾಲು ಕರು ಹೆಂಗಸರ ಮನೆಗೆ. ಇಷ್ಟನ್ನು ಅವನಿಗೆ ಒಪ್ಪಿಸಲು ಇವನಿಗೆ ಎರಡು ವರ್ಷ ಹಿಡಿಯಿತು. ಕೊನೆಗೂ ಪಂಪುಗಳು ಗೋದಾಮು ಸೇರಿದವು.

ಹಸು ಹಂಚಿದ ದಿನ ತಾನು ಮಾಡಿದ್ದು ನೆನೆದರೆ ಈಗಲೂ ಖುಷಿ, ಅದರ ಬೆನ್ನಿಗೇ ಒಂದು ಮುಳ್ಳು. ಕಿವಿಗೆ ನಂಬರಿನ ಬಿಲ್ಲೆ ಹೊಡೆದರೆ ಸಾಕಿತ್ತು. ಈ ಪುಣ್ಯಾತ್ಮ ಊರಿನ ರೂಢಿ ಬಿಡಲಾರದೆ ಒಂದೊಂದರ ಹಣೆಗೂ ಕೈಯಿಟ್ಟು, ಕುಂಕುಮ ಹಚ್ಚಿ, ಹೆಸರಿಟ್ಟ. ಗಬ್ಬದ ಹಸುವೊಂದು ಅದೇ ವಾರ ಕೆಂಪು ಹೋರಿಕರು ಹಾಕಿತು, ಅದಕ್ಕೆ ಕೆಂದ ಅಂದ. ಮೈಮೇಲೆ ಮಚ್ಚೆಯಿದ್ದದ್ದು ಹಂಡಿ. ತಮಿಳು ನಾಲಿಗೆಗಳು ಕೆಂದನನ್ನು ಕೆಂದನ್ ಮಾಡಿಕೊಂಡವು. ಸಂಜೆ ಹೆಸರು ಹಿಡಿದು ಕೂಗಿದರೆ ತಾವಾಗೇ ಬರುತ್ತವೆ, ಆಳು ಬೇಡ, ನಾಯಿ ಬೇಡ ಅಂತ ಅದನ್ನೇ ಒಂದು ಪದ್ಧತಿಯನ್ನಾಗಿ ಕಲಿಸಿದ. ಲಂಡನ್ನಿಗೆ ವರ್ಗವಾಗಿ ಬಂದ ಮೇಲೂ ವರ್ಷಕ್ಕೊಮ್ಮೆ ಹೋದಾಗ ಹೆಂಗಸರು ಕೊಂಬಿಗೆ ಬಣ್ಣ ಹಚ್ಚಿ ಮಂದೆಯನ್ನು ತಂದು ನಿಲ್ಲಿಸುತ್ತಿದ್ದರು. ಕೆಂದ ಎಲ್ಲಿ, ಹಂಡಿ ಎಲ್ಲಿ ಅಂತ ಇವನು ಕೇಳುವುದು, ಅವರು ಕೂಗುವುದು, ಅವು ಬರುವುದು. ಹೀಗೆ ಹೆಸರಿಟ್ಟು ಬೆಳೆಸಿದ ಮೇಲೆ ಯಾವ ಹೆಣ್ಣುಮಗಳಿಗೆ ಮಾರಲು ಮನಸ್ಸು ಬರುತ್ತದೆ? ಹೋದ ವರ್ಷ ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಮರ ಬೆಳೆದು ನೆರಳು ದಟ್ಟವಾಗಿ ಹುಲ್ಲು ತೆಳುವಾಗಿತ್ತು, ಹೆಂಗಸರು ತಾಳೆಗರಿ ಕಡಿದು ಹೊತ್ತು ತಂದು ಹಾಕುತ್ತಿದ್ದರು. ಆ ಪಕ್ಕೆಲುಬುಗಳನ್ನು ಇವನು ಕಂಡ. ಕಂಡು, ಈ ಸಲ ಮಳೆ ತಡವಾಯಿತೇ ಅಂತ ಕೇಳಿ ಸುಮ್ಮನಾದ.

ಸುಮ್ಮನಾಗುವುದನ್ನು ಮನೆಯಲ್ಲೇ ಕಲಿತದ್ದು. ಅಪ್ಪ ಬಸವಂತಪ್ಪ ಮುದಿಯಾದ ಎತ್ತನ್ನು ಹೊಡೆದುಕೊಂಡು ದನದ ಸಂತೆಗೆ ಹೋಗಿ, ಸಂಜೆ ಬರಿ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಹಗ್ಗ ಕೊಡುವುದಿಲ್ಲ, ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಅವ್ವ ತಾಟು ಇಟ್ಟಳು, ಅಪ್ಪ ಕೈತೊಳೆದುಕೊಂಡು ಬಂದು ತಾಟಿನ ಮುಂದೆ ಕೂತು ಹಾಗೇ ಎದ್ದ. ಯಾರಿಗೆ ಕೊಟ್ಟಿ ಅಂತ ಯಾರೂ ಕೇಳಲಿಲ್ಲ. ಕೇಳಬಾರದ್ದೆಂದು ಸಣ್ಣ ತಂಗಿಗೂ ಗೊತ್ತಿದ್ದಂತೆ ಮನೆ ಗಪ್ಪಾಗಿತ್ತು. ಆ ದುಡ್ಡಿನಲ್ಲೇ ಇವನ ಹೆಬ್ಬಾಳದ ಕಾಲೇಜಿನ ಮೊದಲ ಫೀಜು ಕಟ್ಟಿದ್ದು. ಮುಂದೆ ಪಶುವೈದ್ಯನಾಗಿ ದನದ ಹೊಟ್ಟೆಯೊಳಗೆ ಭುಜದವರೆಗೂ ಕೈಹಾಕಿ ಕರು ಎಳೆದವನು, ಹುಟ್ಟಿಸುವ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲವನು, ಕೊನೆಯ ವಿಷಯ ಬಂದಾಗ ಗಡಿಯಾರ ನೋಡಿಕೊಳ್ಳುತ್ತಾನೆ. ಈ ಯುಗಾದಿಗೆ ಶಾಲೆಯ ಹಾಲೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದಾಗ, ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆ ಬಂದಿರುವ ಬೆಂಗಳೂರಿನ ಅನಂತಮೂರ್ತಿ ಹೋಳಿಗೆಯ ಪ್ಲೇಟು ಹಿಡಿದು ಬಂದು, "ಸಾರ್, ನೀವು ಬೀಫ್ ಪ್ರಾಜೆಕ್ಟಲ್ಲಿ ಇದೀರಂತೆ? ಸುಮ್ನೆ ಕೇಳ್ದೆ, ತಪ್ಪು ತಿಳ್ಕೋಬೇಡಿ," ಅಂದ. ಸುತ್ತಲಿನವರ ಕೈಯ ಹೋಳಿಗೆ ಅರ್ಧಕ್ಕೇ ನಿಂತಿತು. ಜಗದೇವಪ್ಪ ಗಡಿಯಾರ ನೋಡಿಕೊಂಡ. ಸುಶೀಲಾಬಾಯಿ, "ಇಲ್ರಿ, ಇವರದು ದನಕ್ಕ ಮೇವು ಹಾಕೂ ಕೆಲಸ. ನೀವೂ ಸ್ವಲ್ಪ ಹಾಲು ಹಾಕ್ಕೋರಿ, ಹೋಳಿಗಿ ಒಣಗೈತಿ," ಅಂದು ಅವನ ಪ್ಲೇಟಿಗೆ ಸುರಿದುಬಿಟ್ಟಳು. ಎಲ್ಲರೂ ನಕ್ಕರು, ಅನಂತಮೂರ್ತಿಯೂ ನಕ್ಕ. ಇದೇ ಜಗದೇವಪ್ಪ ಆಫೀಸಿನಲ್ಲಿ ಬೇರೆ ಥರ ನಗೆಪಾಟಲು. ಅಲ್ಲಿ ಅವನು ದನ ಮಾರಲಾರದ ದನದ ಡಾಕ್ಟರು. ಒಂದು ಕಡೆ ಕಟುಕ, ಇನ್ನೊಂದು ಕಡೆ ಪೂಜಾರಿ. ಹೆಂಡತಿಯ ಆ ಹಾಲಿಗೆ ಅವನು ಇವತ್ತಿಗೂ ಥ್ಯಾಂಕ್ಸ್ ಹೇಳಿಲ್ಲ. ಇಂಥದ್ದಕ್ಕೆ ನಮ್ಮಲ್ಲಿ ಹೇಳುವ ರೂಢಿಯೂ ಇಲ್ಲ.

ಲಂಡನ್ ಬ್ರಿಜ್ಜಿನಲ್ಲಿ ಜುಬಿಲಿ ಲೈನಿಗೆ ಬದಲಾಯಿಸಿ, ಕ್ಯಾನರಿ ವಾರ್ಫಿನಲ್ಲಿ ಇಳಿದು, ಉದ್ದನೆಯ ಎಸ್ಕಲೇಟರ್ ಹತ್ತಿ ಬಂದರೆ ಚಳಿಗಾಳಿ ಮುಖಕ್ಕೆ ಹೊಡೆಯಿತು. ಲಿಫ್ಟಿನಲ್ಲಿ ಹಾರ್ಪರ್ ಸಿಕ್ಕ. ಇವನ ಮೇಲಿನವನು, ಒಳ್ಳೆಯವನೇ, ಯಾವತ್ತೂ ದನಿ ಏರಿಸಿದವನಲ್ಲ. ನಿನ್ನ ವರದಿ ಓದಿದೆ ಜಗ್, ಧರ್ಮ ಅಂತ ಬರೆದಿದ್ದೀಯ, ಧರ್ಮಕ್ಕೆ ನಾವೇನು ಮಾಡೋದು, ಮುಚ್ಚೋದೊಂದೇ ದಾರಿ ಅಂದ. ಹಾಗೆನ್ನುವಾಗ ಅವನ ಮುಖದಲ್ಲಿ ನಿಜವಾದ ಬೇಸರ ಇತ್ತು. ತನ್ನ ವಾಕ್ಯ ಯೋಜನೆಯನ್ನೇ ಮುಚ್ಚಿಸೀತು ಅಂತ ಎಣಿಸಿಯೇ ಇರಲಿಲ್ಲ ಅನ್ನುವುದು ಜಗದೇವಪ್ಪನಿಗೆ ಆಗ ತಿಳಿಯಿತು. ಆ ವಾಕ್ಯ ಬರೆಯುವಾಗ ಹೆಂಗಸರ ಮಾನ ಕಾಯುತ್ತಿದ್ದೇನೆ ಅಂದುಕೊಂಡಿದ್ದ. ಅವರ ಬೆನ್ನಿಗೆ ಪಂಪು ಹೊರಿಸುವ ವಾಕ್ಯ ಅದು. ಮೀಟಿಂಗಿನ ಮೇಜಿನ ನಡುವೆ ಮೂರು ಕಾಲಿನ ಸ್ಪೀಕರ್‌ಫೋನು ಕೂತಿತ್ತು, ಸುತ್ತ ಹಣಕಾಸಿನ ಕಡೆಯವರು. ಜೊಹೋರಿನಲ್ಲಿ ಆಗ ಸಂಜೆ ಐದೂವರೆ. ಲೈನು ಸಿಕ್ಕಿದಾಗ ಮೊದಲು ಬಂದದ್ದು ಮಳೆಯ ಸದ್ದು, ಆಮೇಲೆ ಕೊರಳ ಗಂಟೆಗಳು. ಮ್ಯಾನೇಜರು ತನ್ನ ದೂರು ಒಪ್ಪಿಸಿ, ಹೆಂಗಸರ ಸಂಘದ ಮುಖ್ಯಸ್ಥೆ ಕೃಷ್ಣವೇಣಿ ಇಲ್ಲೇ ಇದ್ದಾಳೆ, ಬೇಕಾದರೆ ಕೇಳಿ ಅಂದ. ಕೇಳು ಜಗ್, ಯಾಕೆ ಮಾರುವುದಿಲ್ಲ ಅಂತ ಅವಳ ಬಾಯಿಂದಲೇ ಬರಲಿ, ಅಂದ ಹಾರ್ಪರ್.

ಎಸ್ಟೇಟಿನಲ್ಲಿ ಕಲಿತ ತಮಿಳು ಅವನದು, ಅದರಲ್ಲಿ ಅರ್ಧ ಕನ್ನಡ. "ಕೃಷ್ಣವೇಣಿಯಮ್ಮ, ನಾನು ಜಗದೇವಪ್ಪ. ನೀವು ದನ ಮಾರದೆ ಇರುವುದು ದೇವರ ಮೇಲಿನ ಭಕ್ತಿಗಲ್ಲವೇ?" ಅಂದ. ಕೇಳಿದ್ದಲ್ಲ, ಉತ್ತರವನ್ನು ಅವಳ ಬಾಯಿಗೆ ಇಟ್ಟದ್ದು.

"ಡಾಕ್ಟರಯ್ಯಾ, ಅಲ್ಲಿ ಕೂತವರಿಗೆ ತಮಿಳು ತಿಳಿಯುತ್ತದಾ?"

"ಇಲ್ಲಮ್ಮ. ನಾನೊಬ್ಬನೇ."

"ಹಾಗಾದರೆ ಇದ್ದದ್ದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಭಕ್ತಿ ನಮಗೂ ಇದೆ, ಇಲ್ಲ ಅಂತಲ್ಲ. ಹಸುಗಳನ್ನು ನಾವು ಹೇಗೂ ಕೊಡುವುದಿಲ್ಲ. ಹೋರಿಗಳನ್ನು ನಮ್ಮಪ್ಪನ ಕಾಲದಿಂದಲೂ ಮಾರಿದವರೇ. ರಬ್ಬರ್ ತೋಟ ಇದ್ದಾಗ ನಮ್ಮ ಮನೆಯ ಹಿಂದೆ ದನ ಇತ್ತು, ಬಕ್ರೀದಿನ ಮುಂಚೆ ಲಾರಿ ಬರುತ್ತಿತ್ತು, ಹತ್ತಿಸಿ ಕಳಿಸಿ ಆವತ್ತೊಂದು ದಿನ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಮಾರನೆಯ ದಿನ ಹಚ್ಚುತ್ತಿದ್ದಳು. ಮಕ್ಕಳಿದ್ದೆವಲ್ಲ."

"ಮತ್ತೆ ಈಗ ಯಾಕಮ್ಮ?"

"ನಿಮಗೋಸ್ಕರ. ಹಣೆಗೆ ಕೈಯಿಟ್ಟು ಹೆಸರಿಟ್ಟವರು ನೀವು. ಮೊಟ್ಟೆ ಕೂಡ ಮುಟ್ಟದ ಮನುಷ್ಯ. ಪ್ರತಿ ವರ್ಷ ಅಷ್ಟು ದೂರದಿಂದ ಬಂದು ಕೆಂದನ್ ಎಲ್ಲಿ ಅಂತ ಕೇಳುತ್ತೀರಿ. ಮಾರಿದೆವು ಅಂತ ನಿಮ್ಮ ಮುಖ ನೋಡಿ ಯಾರು ಹೇಳುತ್ತಾರೆ? ಪಂಪು ಇಳಿಸಿದವರಿಗೆ ನೋವು ಮಾಡುವುದು ಬೇಡ, ಒಂದು ವರ್ಷ ನೋಡೋಣ ಅಂತ ಹೆಂಗಸರೆಲ್ಲ ಮಾತಾಡಿಕೊಂಡೆವು. ಆ ಒಂದು ವರ್ಷ ಮುಗಿಯಲೇ ಇಲ್ಲ. ಈಗ ಮೇವಿಲ್ಲ ಅಯ್ಯಾ. ಗರಿ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ನಿಮ್ಮ ಮನಸ್ಸಿಗೆ ಬಂದರೆ, ಈ ಬಕ್ರೀದಿಗೆ ಹೋರಿಗಳನ್ನು ಮಾರಿಕೊಳ್ಳೋಣವಾ?"

ಜಗದೇವಪ್ಪ ಮೇಜಿನ ಅಂಚು ಹಿಡಿದುಕೊಂಡ. ಆ ಹೆಂಗಸರ ಭಕ್ತಿಗೆ ನೋವಾಗಬಾರದೆಂದು ತಾನು ಕೇಳಲಿಲ್ಲ, ತನ್ನ ಭಕ್ತಿಗೆ ನೋವಾಗಬಾರದೆಂದು ಅವರು ಹೇಳಲಿಲ್ಲ, ನಡುವೆ ದನಗಳ ಪಕ್ಕೆಲುಬು ಎದ್ದವು. ನಗು ಬರಬೇಕಾದ ವಿಷಯ. ನಗು ಬರಲಿಲ್ಲ. ಏನು ಮಾಡಿದ್ದೆ ಅಂತ ಈ ಹೆಂಗಸರು ತನ್ನನ್ನು ಇಷ್ಟು ಜೋಪಾನ ಮಾಡಿದರು? ಹೊಟ್ಟೆಗಿಲ್ಲದ ದನಗಳ ಕೊಂಬಿಗೆ ತಾನು ಬರುವ ದಿನ ಬಣ್ಣ ಹಚ್ಚುತ್ತಿದ್ದರಲ್ಲ, ಬೆನ್ನಿಗೆ ಮತ್ತೆ ಪಂಪು ಬಂದೀತು ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ. ಇಷ್ಟು ದೊಡ್ಡ ಪ್ರೀತಿಗೆ ತಾನು ಯೋಗ್ಯನಲ್ಲ ಅಂತ ಅನಿಸಿತು, ಆದರೂ ಸಿಕ್ಕಿದೆಯಲ್ಲ ಅಂತಲೂ ಅನಿಸಿತು. ಎರಡೂ ಒಟ್ಟಿಗೇ ಅನಿಸಿ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡ. ಹಣಕಾಸಿನ ಕಡೆಯ ಹೆಂಗಸೊಬ್ಬಳು ಪೆನ್ನು ಕೆಳಗಿಟ್ಟು ಬೇರೆ ಕಡೆ ನೋಡಿದಳು.

"ಏನಂತೆ?" ಅಂದ ಹಾರ್ಪರ್.

ಮಾರಲು ಒಪ್ಪಿದ್ದಾರೆ ಅಂದಿದ್ದರೆ ಸಾಕಿತ್ತು. ಯೋಜನೆ ಉಳಿಯುತ್ತಿತ್ತು, ಇವನ ಮಾನವೂ ಉಳಿಯುತ್ತಿತ್ತು, ಆ ಕೋಣೆಯಲ್ಲಿ ತಮಿಳು ಬಲ್ಲವರು ಇರಲಿಲ್ಲ. ಆದರೆ ಅವಳು ಹೇಳಿದ್ದನ್ನು ಅರ್ಧ ನುಂಗಿಕೊಂಡರೆ ಅದು ಅವಳಿಗೆ ಮಾಡುವ ಅವಮಾನ ಅನ್ನಿಸಿ, ಜಗದೇವಪ್ಪ ಒಂದೊಂದೇ ಮಾತು ಇಂಗ್ಲಿಷಿಗೆ ತಿರುಗಿಸಿದ. ಒಲೆ ಹಚ್ಚದ ದಿನವನ್ನೂ ಬಿಡಲಿಲ್ಲ. ತನ್ನ ವರದಿಯ ಆ ವಾಕ್ಯ ಸುಳ್ಳು, ಅದನ್ನು ತೆಗೆಯಬೇಕು ಅಂದ. ಧರ್ಮ ಅಡ್ಡ ಬಂದದ್ದಲ್ಲ, ನಾನು ಅಡ್ಡ ಬಂದದ್ದು ಅಂದ. ಯಾರೋ ಮೆಲ್ಲಗೆ ನಕ್ಕರು, ಅದು ಗೇಲಿಯ ನಗುವಲ್ಲ. ಹಾರ್ಪರ್ ಹಣೆ ಉಜ್ಜಿಕೊಂಡ. ಹೋರಿಗಳು ಹೊರಗೆ ಹೋದರೆ ಉಳಿದವಕ್ಕೆ ಮೇವು ಸಾಲುತ್ತದೆಯೇ ಅಂತ ಮ್ಯಾನೇಜರನ್ನು ಕೇಳಿದ. ಸಾಲುತ್ತದೆ, ಹೊಸ ತೋಟಕ್ಕೆ ಬೇಲಿ ಗಟ್ಟಿ ಮಾಡಿದರೆ ನನ್ನದೇನೂ ತಕರಾರಿಲ್ಲ ಅಂತ ಆ ಕಡೆಯಿಂದ ಬಂತು. ಹಾಗಾದರೆ ದನ ಅಲ್ಲೇ ಇರಲಿ, ಪಂಪು ಗೋದಾಮಿನಲ್ಲೇ ಇರಲಿ ಅಂದ ಹಾರ್ಪರ್. ಆದರೆ ಜಗ್, ಅವರು ಕೇಳಿದ್ದು ನಮ್ಮನ್ನಲ್ಲ, ನಿನ್ನನ್ನು. ಉತ್ತರ ನೀನೇ ಕೊಡಬೇಕು ಅಂತ ಫೋನನ್ನು ಇವನ ಕಡೆ ಸರಿಸಿದ.

ಒಂದು ಸಣ್ಣ ಮಾತು. ಮಾರಿ ಅನ್ನಬೇಕು. ಸಂತೆಯಲ್ಲಿ ಅಪ್ಪ ಅದನ್ನು ಹೇಗೆ ಅಂದಿದ್ದನೋ ಏನೋ. ಆ ರಾತ್ರಿಯ ಅಪ್ಪನನ್ನು ಇಷ್ಟು ವರ್ಷ ಕಲ್ಲೆದೆಯವನು ಅಂತ ಒಳಗೊಳಗೇ ಅಂದುಕೊಂಡೇ ಅವನ ದುಡ್ಡಿನಲ್ಲಿ ಓದಿದ್ದೆನಲ್ಲ ಅಂತ ಜಗದೇವಪ್ಪನಿಗೆ ಅನಿಸಿತು.

"ಮಾರಿಬಿಡಿ ಅಮ್ಮ."

"ಕೆಂದನನ್ನೂ?"

ಆ ಕೆಂಪು ಹಣೆ, ಅದರ ನಡುವಿನ ಸುಳಿ, ಅಂಗೈಗೆ ತಾಗಿದ ಬಿಸಿ. "ಕೆಂದನನ್ನೂ."

"ನೀವು ಚಿಂತೆ ಮಾಡಬೇಡಿ ಡಾಕ್ಟರಯ್ಯಾ. ನೀವು ಬರುವುದಕ್ಕೆ ಮುಂಚೆಯೇ ಲಾರಿಗೆ ಹತ್ತಿಸಿಬಿಡುತ್ತೇವೆ. ನಿಮ್ಮ ಕಣ್ಣಿಗೆ ಬೀಳುವುದು ಬೇಡ."

ಇಲ್ಲೂ ಜೋಪಾನ. ತಾನು ಹೂಂ ಅಂದರೆ ಮುಗಿಯಿತು. ಮುಂದಿನ ವರ್ಷ ಹೋದಾಗ ಕೆಂದನ ಹೆಸರು ಯಾರೂ ಎತ್ತುವುದಿಲ್ಲ, ತಾನೂ ಕೇಳುವುದಿಲ್ಲ. "ಬೇಡ," ಅಂದ ಜಗದೇವಪ್ಪ. "ಲಾರಿ ಬರುವ ದಿನ ಯಾವುದು ಅಂತ ನನಗೆ ತಿಳಿಸಿ. ನಾನು ಬರುತ್ತೇನೆ. ಅವತ್ತು ನಿಮ್ಮ ಜೊತೆ ನಿಂತುಕೊಳ್ಳುತ್ತೇನೆ." ಆ ಕಡೆ ಕೃಷ್ಣವೇಣಿ ಏನೋ ಹೇಳಹೋದಳು, ದನಿ ಒಡೆಯಿತು, ಹಿಂದಿನಿಂದ ಇನ್ನೊಬ್ಬ ಹೆಂಗಸು ಏನಂದರು ಏನಂದರು ಅಂತ ಕೇಳುವುದು ಇಲ್ಲಿಯವರೆಗೂ ಕೇಳಿಸಿತು.

ಮೀಟಿಂಗ್ ಮುಗಿಸಿ ಕೆಳಗಿಳಿದು ನೀರಿನ ಅಂಚಿಗೆ ಬಂದು ನಿಂತ. ಹಳೆಯ ಹಡಗುಕಟ್ಟೆಯ ನೀರು ಅಲುಗದೆ ನಿಂತಿತ್ತು, ಕಾಫಿ ಹಿಡಿದ ಹುಡುಗರು ಇವನನ್ನು ಬಳಸಿಕೊಂಡು ಹೋಗುತ್ತಿದ್ದರು. ಮೊಬೈಲ್ ತೆಗೆದು ಮನೆಗೆ ಫೋನು ಮಾಡಿದ. ದನ ಉಳಿದವು ಅಂದ. ಎಲ್ಲಾ ಉಳಿಲಿಲ್ಲ, ಹೋರಿ ಮಾರಾಕ ನಾನ ಹೇಳಿದೆ ಅಂದ. ಹೆಂಗಸರು ಇಷ್ಟು ವರ್ಷ ಯಾರ ಸಲುವಾಗಿ ಸುಮ್ಮನಿದ್ದರು ಅನ್ನುವುದನ್ನೂ, ಲಾರಿ ಹೋದ ದಿನ ಒಲೆ ಹಚ್ಚದೆ ಇರುವ ಮಾತನ್ನೂ ಹೇಳಿದ, ನಡುನಡುವೆ ನಿಲ್ಲಿಸಿ, ಗಾಳಿಯ ನೆಪ ಹೇಳಿ.

"ಲಾರಿ ಬರೂ ದಿನ ಅಲ್ಲಿರಬೇಕು ಸುಶೀಲಾ. ಹೋಗ್ತೀನಿ ಅಂತ ಮಾತು ಕೊಟ್ಟೀನಿ."

"ಎರಡು ಟಿಕೆಟ್ ತಗೋರಿ," ಅಂದಳು.

"ನೀ ಯಾಕ?"

"ಆ ಹೆಣ್ಣಮಕ್ಕಳು ಅವತ್ತ ಒಲಿ ಹಚ್ಚೂದಿಲ್ಲಂತಲ್ಲ. ಮರುದಿನ ಹಚ್ಚಾಕ ಯಾರರ ಬೇಕಲ್ರಿ."